ಒಂಬತ್ತನೆಯ ಮನೆಯ ಕತ್ತರಿ ಗುರುತು

ಖಾಲಿ ಚೌಕ ಕಂಡರೆ ತುಂಬದೆ ಬಿಡಲಾರೆ. ಇದು ನನ್ನ ಹುಟ್ಟುಗುಣ. ಓದಲೆಂದು ಇಂಗ್ಲೆಂಡಿನ ಲಫ್‌ಬರೋಗೆ ಬಂದ ಹೊಸದರಲ್ಲಿ ಜಿಪಿಯ, ಅಂದರೆ ಅಲ್ಲಿನ ಡಾಕ್ಟರ ಹತ್ತಿರ ಹೆಸರು ನೋಂದಾಯಿಸುವಾಗ, ಮನೆತನದ ಹೆಸರಿನ ಜಾಗ ಖಾಲಿ ಉಳಿಯಬಾರದೆಂದು ಅಪ್ಪನ ಹೆಸರು ಬರೆದುಬಿಟ್ಟೆ. ಅಂದಿನಿಂದ ಅಲ್ಲಿ "ಮಿಸ್ ಚಂದ್ರಶೇಖರಪ್ಪ" ಎಂದು ಕೂಗುತ್ತಾರೆ. ಎಲ್ಲರೆದುರು ಎದ್ದು ಹೋಗಲು ಸಂಕೋಚವಾಗಿ ಒಮ್ಮೆ ಜ್ವರವನ್ನು ಹಾಗೇ ಮನೆಗೆ ವಾಪಸು ತಂದಿದ್ದೇನೆ.

ನಾನು ಓದುತ್ತಿದ್ದದ್ದು ಸಂಖ್ಯಾಶಾಸ್ತ್ರ. ಎಂ.ಎಸ್ಸಿ.ಯ ಕೊನೆಯ ಪ್ರಬಂಧಕ್ಕೆ ಮೇಷ್ಟ್ರು ನನಗೊಂದು ವೃತ್ತಿಪರ ಬೇಸ್‌ಬಾಲ್ ಪಂದ್ಯದ ಅಂಕಿಅಂಶ ಕೊಟ್ಟರು. ಆಟ ನೋಡುವಂತಿಲ್ಲ, ಅಂಕಿಗಳಿಂದಲೇ ಅದು ಹೇಗೆ ನಡೆಯಿತೆಂದು ಬರೆಯಬೇಕು. ಡಿಸ್ಟಿಂಕ್ಷನ್ ಬರುವುದೂ ಬಿಡುವುದೂ ಈ ಪ್ರಬಂಧದ ಮೇಲಿತ್ತು. ಮೇಷ್ಟ್ರು ಅಮೆರಿಕದವರು.

ಮೊದಲ ದಿನವೇ ನನಗೆ ಆಘಾತವಾಯಿತು. ಹತ್ತು ಸಲ ಬ್ಯಾಟಿಗೆ ನಿಂತು ಮೂರು ಸಲ ಸರಿಯಾಗಿ ಹೊಡೆದವನು ಆ ಆಟದಲ್ಲಿ ದೊಡ್ಡ ಆಟಗಾರನಂತೆ! ತೊಂಬತ್ತೆಂಟು ಬಂದರೆ "ಇನ್ನೆರಡು ಎಲ್ಲಿ ಹೋಯಿತು?" ಎಂದು ಕೇಳುವ ಮನೆಯವಳು ನಾನು. ಜೊತೆಯಲ್ಲಿದ್ದ ಧಾರವಾಡದ ಸುಮಾಗೆ ಹೇಳಿದೆ. "ಅಯ್ಯ, ಅಲ್ಲೇ ಹುಟ್ಟಬೇಕಿತ್ತಲ್ಲೇ ನಾನು!" ಎಂದು ಅವಳು ನಿಜವಾಗಿ ಮರುಗಿದಳು. ಇದೂ ಸಾಲದೆಂಬಂತೆ, ಚೆಂಡು ಕೈಚೆಲ್ಲಿದವರ ಹೆಸರನ್ನು ತಪ್ಪಿನ ಲೆಕ್ಕದ ಸಮೇತ ಊರಿಗೆಲ್ಲ ಅಚ್ಚು ಹಾಕಿ ಹಂಚುತ್ತಾರೆ. ಮಾನವಂತರು ಈ ಆಟಕ್ಕೆ ಹೇಗೆ ಇಳಿಯುತ್ತಾರೋ!

ಆದರೂ ಎಂಟು ಪುಟ ಬರೆದೆ. ಆಗ ಅಂಕಪಟ್ಟಿಯಲ್ಲೊಂದು ಕೊರತೆ ಕಣ್ಣಿಗೆ ಬಿತ್ತು. ಎರಡು ತಂಡ, ತಲಾ ಒಂಬತ್ತು ಸರದಿ. ಅತಿಥಿಗಳು ಮೂರು ರನ್, ಮನೆಯ ತಂಡ ಐದು. ಮನೆಯ ತಂಡದ ಸಾಲಿನ ಒಂಬತ್ತನೆಯ ಮನೆಯಲ್ಲಿ ಮಾತ್ರ ಸಂಖ್ಯೆಯಿಲ್ಲ, ಒಂದು ಕತ್ತರಿ ಗುರುತು. ಬರೆಯುವವನು ಮರೆತಿದ್ದಾನೆ! ಹಿಂದಿನ ಎಂಟರ ಸರಾಸರಿ ತೆಗೆದೆ. ಅರ್ಧ ರನ್ನಿಗಿಂತ ತುಸು ಹೆಚ್ಚು ಬಂತು. ಅರ್ಧ ರನ್ ಓಡಲು ಯಾರಿಂದಲೂ ಆಗದಾದ್ದರಿಂದ ಒಂದು ಮಾಡಿದೆ. ಮೊತ್ತ ತಾಳೆಯಾಗಲಿಲ್ಲ, ಐದನ್ನು ಆರು ಮಾಡಿದೆ. ಆಟಗಾರರ ಲೆಕ್ಕವೂ ತಾಳೆಯಾಗಲಿಲ್ಲ. ಇಡೀ ಆಟದಲ್ಲಿ ಏನೂ ಗಳಿಸದ ಒಬ್ಬ ಬಡಪಾಯಿಗೆ ಆ ರನ್ ದಯಪಾಲಿಸಿದೆ. ಆಮೇಲೆ ವೃತ್ತಿಪರ ದಾಖಲೆಗಳಲ್ಲಿನ ಅಜಾಗರೂಕತೆಯನ್ನು ಖಂಡಿಸಿ ಒಂಬತ್ತನೆಯ ಪುಟ ಬರೆದೆ.

"ಎಂಟು ಪುಟ ಭಾಳ ಚಲೋ ಆಗ್ಯಾವ. ಸಾಕು ಮಾಡವಾ," ಎಂದಳು ಸುಮಾ.

"ಇದೇ ಕಣೇ ಮುಖ್ಯವಾದ ಪುಟ," ಎಂದೆ.

ಪ್ರಬಂಧ ಒಪ್ಪಿಸುವ ಮುಂಚೆ ಕರಡನ್ನು ತರಗತಿಯಲ್ಲಿ ಓದಬೇಕಿತ್ತು. ನಾನು ಒಂಬತ್ತನೆಯ ಪುಟಕ್ಕೆ ಬಂದಾಗ ಮೇಷ್ಟ್ರು ಕನ್ನಡಕ ತೆಗೆದರು. "ಕೊನೆಗೆ ಬ್ಯಾಟು ಮಾಡುವವರು ಯಾರು?" ಎಂದು ಮೆತ್ತಗೆ ಕೇಳಿದರು.

"ಮನೆಯ ತಂಡ."

"ಅತಿಥಿಗಳ ಒಂಬತ್ತೂ ಸರದಿ ಮುಗಿದಾಗ ಮುಂದಿದ್ದವರು?"

"ಮನೆಯ…" ಎನ್ನುತ್ತಲೇ ಅಂಕಪಟ್ಟಿಯನ್ನು ಮತ್ತೆ ನೋಡಿದೆ.

"ಅವರು ಆಗಲೇ ಗೆದ್ದಾಗಿತ್ತು. ಕತ್ತರಿ ಗುರುತೆಂದರೆ ಆ ಸರದಿ ಆಡುವ ಅಗತ್ಯ ಬೀಳಲಿಲ್ಲವೆಂದು. ಸ್ನಾನ ಮಾಡಿ ಊಟಕ್ಕೆ ಹೋದರು," ಎಂದರು.

ಗುರಿ ದಾಟಿದ ಕೂಡಲೇ ಸ್ಟಂಪು ಕಿತ್ತುಕೊಂಡು ಓಡುವ ಕ್ರಿಕೆಟ್ಟನ್ನು ತೊಟ್ಟಿಲಿನಿಂದ ನೋಡಿದವಳು ನಾನು! ನನ್ನ ಕಿವಿ ಕಾದ ಹಂಚಾಯಿತು. ಮಿಂದು ಮಡಿಯಾಗಿ ಊಟಕ್ಕೆ ಕೂತಿದ್ದ ಗಂಡಸರನ್ನು ಎಬ್ಬಿಸಿ ಮೈದಾನಕ್ಕೆ ಎಳೆದು ತಂದಿದ್ದೆ.

ಮೇಷ್ಟ್ರು ಕರುಣಾಳು. ಆ ಪುಟ ತೆಗೆದು ಸೋಮವಾರ ಒಪ್ಪಿಸಲು ಹೇಳಿದರು. ತೆಗೆಯುವುದು ಕ್ಷಣದ ಕೆಲಸ, ತೆಗೆದೆ. ಆದರೆ ಅದನ್ನು ಯಾಕೆ ತೆಗೆದೆನೆಂದು ಎರಡು ಸಾಲು ಹೇಳಬೇಡವೇ? ಎರಡು ಸಾಲು ಪುಟವಾಗಿ, ಪುಟ ತುಂಬಿ ಕೆಳಗಿಳಿಯುವಷ್ಟರಲ್ಲಿ ಸುಮಾ ಲ್ಯಾಪ್‌ಟಾಪ್ ಕಿತ್ತುಕೊಂಡು ಕಳಿಸಿಯೇಬಿಟ್ಟಳು, ಅರ್ಧಕ್ಕೆ ನಿಂತ ವಾಕ್ಯದ ಸಮೇತ.

ವಾರದ ಮೇಲೆ ಉತ್ತರ ಬಂತು: "ಎಂಟು ಪುಟ ಓದಿದೆ. ಡಿಸ್ಟಿಂಕ್ಷನ್. ಒಂಬತ್ತನೆಯದನ್ನು ಓದುವ ಅಗತ್ಯ ಬೀಳಲಿಲ್ಲ."

ಸುಮಾ ಕುಣಿದಳು, ನಾನೂ ನಕ್ಕೆ. ಆದರೆ ನಿಮ್ಮಲ್ಲಿ ಮಾತ್ರ ಹೇಳುತ್ತೇನೆ, ಆ ಒಂಬತ್ತನೆಯ ಪುಟ ನಿಜಕ್ಕೂ ಚೆನ್ನಾಗಿ ಬಂದಿತ್ತು.