ಮಾವನ ಕದಲದ ಅಲೆ

ಅಲೆಯೊಂದನ್ನು ಸಾಕಿಕೊಂಡವರನ್ನು ನೀವು ಕಂಡಿದ್ದೀರಾ? ನಾಯಿಯಲ್ಲ, ಗಿಳಿಯಲ್ಲ, ಅಲೆ! ಪುತ್ತೂರಿನ ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದ ನನ್ನ ಸೋದರಮಾವ ಅಂಥವರು. ಅದು ಕಡಲಿನದ್ದಲ್ಲ, ಕಾಗದದ ಮೇಲಿನ ಲೆಕ್ಕದ್ದು. ಹರಡದೆ, ಮುರಿಯದೆ, ಒಂಟಿಯಾಗಿ ನಿಂತೇ ಇರುವ ಅಲೆ. ಕಣ್ಣಿಗೆ ಕಾಣದ ಕಣಗಳೂ ಇಂಥ ಒಂಟಿ ಅಲೆಗಳೇ ಇರಬಹುದೆಂದು ಅವರ ಗುಮಾನಿ.

ಕೆದಂಬಾಡಿಯ ಒಂದು ಮದುವೆಯೂಟದಲ್ಲಿ ಎಲೆಯ ಮೇಲಿನ ಸಾರನ್ನು ಕೈಯಿಂದ ಒಟ್ಟುಮಾಡುತ್ತ ಬಡಿಸುವವನಿಗೇ ಪಾಠ ಶುರುಮಾಡಿದರು.

"ನೋಡು ಮಾರಾಯ, ಇದಕ್ಕೆ ಹರಡುವ ಚಟ. ಒಟ್ಟುಮಾಡುವ ಬಲ ಸರಿಸಮ ಇದ್ರೆ ಹೀಗೇ ನಿಲ್ತದೆ."

"ನಿಲ್ಲುದು ಬೇಡ ಮಾಷ್ಟ್ರೆ, ಉಣ್ಣಿ! ಹಿಂದೆ ಪಾಯಸ ಬರ್ತಾ ಉಂಟು."

ಪಂಕ್ತಿಯಿಡೀ ನಕ್ಕಿತು. ಪಕ್ಕದವರು "ನಿಮ್ಮ ಮಾವ ಅಲ್ವಾ?" ಎಂದರೆ ನಾನು "ದೂರದ ಸಂಬಂಧ" ಎಂದೆ. ತಾಯಿಯ ಒಡಹುಟ್ಟಿದವರು ಎಷ್ಟು ದೂರ ಸ್ವಾಮಿ?

ಇಸವಿ ಎಪ್ಪತ್ತೆಂಟೋ, ಎಂಬತ್ತೋ. ನನ್ನ ನೆನಪು ನನ್ನ ಪರವಾಗಿ ಸುಳ್ಳು ಹೇಳುತ್ತದೆ, ಜಾಗ್ರತೆ! ಹತ್ತು ವರ್ಷದ ಲೆಕ್ಕವನ್ನು ಮಾವ ವಿದೇಶದ ಪತ್ರಿಕೆಗೆ ಕಳಿಸಲು ಹೊರಟರು. ಪುತ್ತೂರಿನ ದರ್ಬೆಯಲ್ಲಿ ಟೈಪಿಂಗ್ ಕಲಿಯುತ್ತಿದ್ದ ನಾನೇ ಟೈಪ್ ಮಾಡಬೇಕಂತೆ. ಗಣಿತದ ಚಿಹ್ನೆಗಳಿಗೆ ಜಾಗ ಬಿಟ್ಟು ಆಮೇಲೆ ಶಾಯಿಯಲ್ಲಿ ತುಂಬುವುದು ರೂಢಿ. ಕೊನೆಗೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೈಬರಹದ ಕರಡಿನೊಂದಿಗೆ ತಾಳೆ ನೋಡಬೇಕು.

ಮಾವ ಕರಡು ಹಿಡಿದು ಟೈಪಿಂಗ್ ಕ್ಲಾಸಿನ ಜಗಲಿಗೇ ಬಂದು ಕೂತರು. "ಓದು ಅಳಿಯಾ, ಜೋರಾಗಿ!" ಒಳಗಿದ್ದ ಹುಡುಗಿಯರು ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. "ನಾನು ಎಲ್ಲ ನೋಡಿ ಆಯ್ತು ಮಾವ, ಸರಿ ಉಂಟು" ಎಂದೆ. ನೋಡಿರಲಿಲ್ಲ.

ತಿಂಗಳುಗಳ ಬಳಿಕ ಪತ್ರಿಕೆಯವರು ತಪ್ಪು ತೋರಿಸಿ ಪ್ರಬಂಧವನ್ನು ಮರಳಿಸಿದರು. ಮೊದಲ ಸಮೀಕರಣದಲ್ಲೇ ಕೂಡಿಸುವ ಚಿಹ್ನೆಯ ಜಾಗದಲ್ಲಿ ನಾನು ಕಳೆಯುವ ಗೆರೆ ಎಳೆದಿದ್ದೆ. ಆ ಗೆರೆಯಿದ್ದರೆ ಒಟ್ಟುಮಾಡುವ ಬಲವೂ ಹರಡಿಸುವ ಬಲವೇ ಆಗುತ್ತದೆ, ಉತ್ತರ ಸೊನ್ನೆಯೊಂದೇ. ಅಲೆಯೇ ಇಲ್ಲ!

"ಹತ್ತು ವರ್ಷ ಸೊನ್ನೆಯನ್ನು ಸಾಕಿದೆನಂತೆ ಮಾರಾಯ!" ಎಂದು ನಕ್ಕ ಮಾವ, ಕರಡು ತೆಗೆದು ನೋಡಿದರು. ಅಲ್ಲಿ ಚಿಹ್ನೆ ಸರಿಯಾಗಿಯೇ ಇತ್ತು. ಅವರೂ ಕಂಡರು, ನಾನೂ ಕಂಡೆ.

"ಎಂತ ಆಯ್ತು? ಯಾರು ತಪ್ಪಿದ್ದು?" ಅಡುಗೆಮನೆಯಿಂದ ಅತ್ತೆ ಕೇಳಿದರು.

"ನಾನೇ, ಬರೆಯುವಾಗ" ಎಂದರು ಮಾವ.

ಆಗ ನಾನು ಬಾಯಿ ತೆರೆದೆ ಎಂದು ನೆನಪು ಹೇಳುತ್ತದೆ. ಇಲ್ಲ, ತೆರೆದಿರಲಿಕ್ಕಿಲ್ಲ.

ಮರುವಾರ ಮಾವ ಮತ್ತೆ ನನ್ನಲ್ಲಿಗೇ ಬಂದರು. ಕ್ಲಾಸಿನ ಜಗಲಿ ಹತ್ತಲಿಲ್ಲ. ರಸ್ತೆಯಾಚೆ ನಿಂತು ಕೈಸನ್ನೆ ಮಾಡಿ ಕರೆದರು.

"ಇನ್ನೊಮ್ಮೆ ಟೈಪ್ ಮಾಡಿ ಕೊಡು. ಓದುದು ಇಲ್ಲಿ ಬೇಡ, ಮನೆಗೆ ಬಾ. ಬಾಗಿಲು ಹಾಕಿ ಮೆಲ್ಲ ಓದುವ. ನಿನಗೆ ನಾಚಿಕೆ ಆಗುದು ಬೇಡ."