ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರ

ಆ ಗ್ರಂಥಾಲಯದ ಕಂಪ್ಯೂಟರು ನಿದ್ದೆಯಿಂದ ಏಳಲು ಇಪ್ಪತ್ತೆರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಗುಮಾಸ್ತ ಬೆಳಿಗ್ಗೆ ಅದರ ಗುಂಡಿ ಒತ್ತಿ, ಕಿಟಕಿ ತೆಗೆದು, ಮೇಜು ಒರೆಸಿ, ದಿನಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿ, ಎದುರಿನ ಅಂಗಡಿಯಲ್ಲಿ ಕಾಫಿ ಕುಡಿದು ಬಂದರೂ ಅದು ರಜೆಯ ದಿನ ಅಮ್ಮ ಎಬ್ಬಿಸಿದ ಮಗನ ಹಾಗೆ 'ಇನ್ನೈದು ನಿಮಿಷ' ಎಂದು ಹೊರಳುತ್ತಿರುತ್ತಿತ್ತು.

ಹನ್ನೊಂದು ವರ್ಷ ಇದನ್ನು ಸಹಿಸಿಕೊಂಡು ಬಂದವನು ಆವತ್ತು ಮಾತ್ರ ನಿಮಿಷಕ್ಕೊಮ್ಮೆ ಗಡಿಯಾರ ನೋಡಿದ. ಮಧ್ಯಾಹ್ನ ಮೂರಕ್ಕೆ ಇಲಾಖೆಯ ಮೇಲಧಿಕಾರಿ ತಪಾಸಣೆಗೆ ಬರುವವರಿದ್ದರು.

"ಹೋದ ತಿಂಗಳು ಇನ್ನೊಂದು ಶಾಖೇಲಿ ಏನಾಯ್ತು ಗೊತ್ತಲ್ಲ?" ಎಂದು ಗ್ರಂಥಪಾಲಕಿ ಮೇಡಂ ಪಿಸುಗುಟ್ಟಿದರು. ಆ ಕಟ್ಟಡದಲ್ಲಿ ಯಾರೂ ಪಿಸುದನಿ ಮೀರುವಂತಿರಲಿಲ್ಲ. ಗೋಡೆಗೆ 'ಮೌನ' ಎಂಬ ಫಲಕ ಹಾಕುವ ದಿನ ಮೇಡಂ ಸುತ್ತಿಗೆಗೂ ಬಟ್ಟೆ ಸುತ್ತಿದ್ದರು. "ಸಾಹೇಬ್ರು ಒಂದು ಪುಸ್ತಕ ಕೇಳಿದ್ರಂತೆ, ಕಂಪ್ಯೂಟರು ಕಣ್ಣೇ ಬಿಡಲಿಲ್ಲವಂತೆ. ಅಲ್ಲಿನ ಗುಮಾಸ್ತನ್ನ ಮಾರನೇ ದಿನಾನೇ ಸಂಚಾರದ ಕೆಲಸಕ್ಕೆ ಹಾಕಿದ್ರು. ಮೂವತ್ತೆರಡು ಶಾಖೆ. ಎಲ್ಲಾ ಬಸ್ಸಲ್ಲೇ."

ಬಸ್ಸು ಎಂಬ ಮಾತು ಕಿವಿಗೆ ಬಿದ್ದದ್ದೇ ಗುಮಾಸ್ತನ ಕೈ ಕರ್ಚೀಫಿಗೆ ಹೋಯಿತು. ಅವನಿಗೂ ಬಸ್ಸಿಗೂ ಆಗಿಬರುತ್ತಿರಲಿಲ್ಲ. ಮೊದಲ ತಿರುವಿನಲ್ಲಿ ಬೆವರು, ಎರಡನೆಯದರಲ್ಲಿ ಮೌನ, ಮೂರನೆಯದರಲ್ಲಿ ಕಿಟಕಿ. ಮದುವೆಯಾದ ಮೇಲಿನ ಮೊದಲ ಪ್ರಯಾಣದಲ್ಲಿ ಹೆಂಡತಿ ಅವನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದಳು. ಮನೆಯಿಂದ ನಡೆದು ಬರಬಹುದೆಂಬ ಒಂದೇ ಕಾರಣಕ್ಕೆ ಅವನು ಈ ಕುರ್ಚಿಯನ್ನು ಹಿಡಿದುಕೊಂಡು, ಬಂದ ಎರಡು ಬಡ್ತಿಗಳಿಗೂ ಕೈಮುಗಿದಿದ್ದ.

ಆದ್ದರಿಂದಲೇ ಆವತ್ತು ಅವನ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಕೊಟ್ಟವನು ಕಂಪ್ಯೂಟರ್ ರಿಪೇರಿ ಮಾಡುವ ಭಾಮೈದ.

"ಇದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಇದೆ ಭಾವ. ಹಳೇದನ್ನ ಅಳಿಸಬೇಡಿ, ಪಕ್ಕದಲ್ಲೇ ಇದನ್ನೂ ಕೂರಿಸಿ. ಒಂದೇ ಮನೇಲಿ ಎರಡು ಸಂಸಾರ. ಆನ್ ಮಾಡಿದಾಗ ಯಾವುದು ಬೇಕೋ ಅದನ್ನ ಆರಿಸ್ಕೊಳ್ಳೋದು. ಹೊಸದು ಅರ್ಧ ನಿಮಿಷಕ್ಕೆ ಎದ್ದು ಕೂರುತ್ತೆ, ಹಳೇ ಕ್ಯಾಟಲಾಗೂ ಅದರಲ್ಲೇ ತೆರೆಯುತ್ತೆ."

ಭಾಮೈದ ಸುಳ್ಳು ಹೇಳುವವನಲ್ಲ. ಹೇಳಬೇಕಾದ್ದರಲ್ಲಿ ಒಂದು ಮಾತನ್ನು ಮರೆಯುವವನು, ಅಷ್ಟೆ.

ಹತ್ತೂವರೆಗೆ ಗುಮಾಸ್ತ ಪೆನ್‌ಡ್ರೈವ್ ಸಿಕ್ಕಿಸಿದ. ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ಮೂಡಿತು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ನಡುವೆ ಒಂದು ಗೆರೆ. ಗೆರೆಯನ್ನು ಎಳೆದು ಇಬ್ಬರಿಗೂ ಜಾಗ ಹಂಚಿಕೊಡಿ ಎಂದಿತು.

ಹಂಚಿಕೆ ಎಂದರೆ ಸಾಕು, ಪೇಪರ್ ತಾತನ ಕಿವಿ ನೆಟ್ಟಗಾಯಿತು. ಬಾಗಿಲು ತೆರೆಯುವ ಮೊದಲೇ ಬಂದು ಮುಚ್ಚುವಾಗಲೇ ಹೊರಡುವ ಈ ಓದುಗ, ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯದಲ್ಲಿ ಹತ್ತೊಂಬತ್ತು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದ ಅನುಭವಿ. ಕೋಲು ಸಮೇತ ಪತ್ರಿಕೆ ಹಿಡಿದುಕೊಂಡೇ ಬಂದ.

"ಹಿರಿಯನಿಗೆ ಹೆಚ್ಚು ಕೊಡಯ್ಯಾ. ನಾಳೆ ತಕರಾರು ಬರಬಾರದು."

ಮೂಲೆಯಲ್ಲಿ ಪುಸ್ತಕ ಹೊಲಿಯುತ್ತಿದ್ದ ಬೈಂಡರ್ ಮಾವ ಅಂಟು ಮೆತ್ತಿದ ಬೆರಳುಗಳನ್ನು ಗಾಳಿಯಲ್ಲಿ ಎತ್ತಿಕೊಂಡೇ ಎದ್ದು ಬಂದ. "ಹಿರಿಯನ ಕಾಲ ಮುಗೀತಲ್ಲ ತಾತ. ಬೆಳೆಯೋ ಕೂಸಿಗೆ ಕೈಕಾಲು ಆಡಿಸೋಕೆ ಜಾಗ ಬೇಡ್ವಾ?"

"ನೀನು ಪುಸ್ತಕ ಹೊಲಿ ಹೋಗು. ಪಾಲಿನ ವಿಷಯ ನಿಂಗೇನು ಗೊತ್ತು?"

"ಶ್ಶ್! ಅರ್ಧ ಅರ್ಧ ಮಾಡಿ ಮುಗಿಸ್ರಪ್ಪಾ," ಎಂದರು ಮೇಡಂ.

"ಅರ್ಧ ಅಂದ್ರೆ ಹೇಗಮ್ಮಾ? ಹಿತ್ತಲು ಯಾರಿಗೆ?"

"ಹಿತ್ತಲಿಲ್ಲ ತಾತ, ಇದು ಡಿಸ್ಕು," ಎಂದು ಗುಮಾಸ್ತ ಗೋಗರೆದ.

"ನನ್ನ ತಮ್ಮನೂ ಹೀಗೇ ಅಂದಿದ್ದ! ಹಿತ್ತಲೇ ಇಲ್ಲ ಅಂದಿದ್ದ!"

ಜಗಳವೆಲ್ಲ ಪಿಸುದನಿಯಲ್ಲೇ ನಡೆದದ್ದರಿಂದ ದೂರದಲ್ಲಿ ಕೂತ ಓದುಗರಿಗೆ ಹತ್ತು ಸೈಕಲ್ಲುಗಳ ಗಾಳಿ ಒಟ್ಟಿಗೇ ಬಿಟ್ಟ ಹಾಗೆ ಕೇಳಿಸುತ್ತಿತ್ತು. ಬೈಂಡರ್ ಮಾವ ನ್ಯಾಯ ಮಾಡಲೆಂದು ಮೌಸಿನ ಮೇಲೆ ಕೈಯಿಟ್ಟ. ಕೈ ಅಂಟಿಕೊಂಡಿತು. ಬಿಡಿಸಿಕೊಳ್ಳಲು ಎಳೆದ ರಭಸಕ್ಕೆ ನಡುವಿನ ಗೆರೆ ಎಡಕ್ಕೆ ಓಡಿ ಹಳೆಯದನ್ನು ಗೋಡೆಗೆ ಒತ್ತಿತು. "ಅನ್ಯಾಯ!" ಎನ್ನುತ್ತ ತಾತ ಪತ್ರಿಕೆಯ ಕೋಲು ಬೀಸಿದ. ಕೋಲು ನೇರವಾಗಿ ಎಂಟರ್ ಗುಂಡಿಯ ಮೇಲೆ ಬಿತ್ತು.

'ಕೆಲಸ ಆರಂಭವಾಗಿದೆ. ದಯವಿಟ್ಟು ಯಂತ್ರವನ್ನು ಆರಿಸಬೇಡಿ.'

ಒಂದೂವರೆಗೆ ಕೆಲಸ ಮುಗಿಯಿತು. ಗುಮಾಸ್ತ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಇಪ್ಪತ್ತೆಂಟು ಸೆಕೆಂಡಿಗೆ ಪರದೆ ಬೆಳಗಿತು! ನೀಲಿ ಬೆಟ್ಟ, ಮೇಲೊಂದು ಬಿಳಿ ಮೋಡ, ಅದರಾಚೆ ಏನೂ ಇಲ್ಲ. ಹಳೆಯದು ಬೇಕೋ ಹೊಸದು ಬೇಕೋ ಎಂದು ಯಾರೂ ಕೇಳಲಿಲ್ಲ. ಕ್ಯಾಟಲಾಗು ಇಲ್ಲ. ಕಂಡ ಕಂಡ ಕಡತವೆಲ್ಲ ತೊಳೆದಿಟ್ಟ ಪಾತ್ರೆಯಂತೆ ಖಾಲಿ. ಆರು ಸಲ ಆರಿಸಿ ಹಚ್ಚಿದರೂ ಅದೇ ಬೆಟ್ಟ, ಅದೇ ಮೋಡ. ಭಾಮೈದನ ಫೋನು ಸ್ವಿಚ್ ಆಫ್.

"ಹಿರಿಯನ್ನ ಬೀದಿಗೆ ಹಾಕಿದ್ರಿ," ಎಂದು ತಾತ ತೀರ್ಪು ಕೊಟ್ಟು ಪತ್ರಿಕೆಯೊಳಗೆ ಮುಖ ಹುದುಗಿಸಿದ.

ಗುಮಾಸ್ತನಿಗೆ ಕೂತ ಕುರ್ಚಿಯೇ ತಿರುವು ತೆಗೆದುಕೊಂಡಂತಾಯಿತು. "ಹದಿನಾಲ್ಕು ಸಾವಿರ ಪುಸ್ತಕ ಮೇಡಂ. ಎಲ್ಲಾ ಹೋಯ್ತು."

"ಎಲ್ಲಿಗೆ ಹೋಯ್ತು? ಎಲ್ಲಾ ಕಪಾಟಲ್ಲೇ ಇದೆಯಲ್ಲ," ಎಂದ ಬೈಂಡರ್ ಮಾವ, ಬೆರಳಿನ ಅಂಟು ಕೆರೆಯುತ್ತ. "ನನ್ನ ಸೂಜಿ ತಾಗದೆ ಇರೋದು ಒಂದು ಪುಸ್ತಕ ತೋರ್ಸು ನೋಡೋಣ. ಯಾವುದೆಲ್ಲಿದೆ, ಯಾರು ಒಯ್ದಿದಾರೆ, ಯಾರು ಹಾಳೆ ಹರಿದಿದಾರೆ, ಎಲ್ಲಾ ಇಲ್ಲಿದೆ." ತಲೆ ಮುಟ್ಟಿ ತೋರಿಸಿದ.

ಮೇಡಂ ಒಂದು ಕ್ಷಣ 'ಮೌನ' ಫಲಕವನ್ನು ನೋಡಿದರು. ಆಮೇಲೆ ಎದ್ದು ಹೋಗಿ, ಗುಮಾಸ್ತನ ಕುರ್ಚಿಗೆ ಬೆನ್ನು ತಾಗುವಂತಿದ್ದ ಮೊದಲ ಕಪಾಟಿನಿಂದ ಎರಡು ದಪ್ಪ ನಿಘಂಟು ಕಿತ್ತು ತೆಗೆದರು. ಹಿಂದೆ ನಿಂತ ಬೈಂಡರ್ ಮಾವನ ಮುಖದಷ್ಟು ಕಿಂಡಿಯಾಯಿತು.

ಮೇಲಧಿಕಾರಿ ಎರಡೂ ಮುಕ್ಕಾಲಿಗೇ ಬಂದರು. ಒರೆಸಿದ ಕನ್ನಡಕ, ಒರೆಸಿದ ಬೂಟು, ನಡುವೆ ನಗದ ಮುಖ. ಕೌಂಟರಿನ ಎದುರು ನಿಂತು ಒಂದು ವೈದ್ಯಕೀಯ ಗ್ರಂಥದ ಹೆಸರು ಹೇಳಿದರು. ಗುಮಾಸ್ತ ನೀಲಿ ಬೆಟ್ಟವನ್ನು ದಿಟ್ಟಿಸುತ್ತ ಕೀಲಿಮಣೆಯ ಮೇಲೆ ಬೆರಳು ಕುಣಿಸಿದ.

"ಏಳನೇ ಕಪಾಟು, ಮೂರನೇ ಸಾಲು," ಎಂದು ಬೆನ್ನ ಹಿಂದೆ ಗಾಳಿ ಸುಳಿಯಿತು.

"ಏಳನೇ ಕಪಾಟು, ಮೂರನೇ ಸಾಲು ಸಾರ್."

ಅಧಿಕಾರಿ ತಾವೇ ಹೋಗಿ ನೋಡಿದರು. ಇತ್ತು. ಇನ್ನೊಂದು ಕೇಳಿದರು. ಅದೂ ಇತ್ತು. ಮೂರನೆಯದಾಗಿ ಒಂದು ಪ್ರವಾಸ ಕಥನ ಕೇಳಿದರು.

"ಎದುರುಮನೆ ದರ್ಜಿ ಹೆಂಡತಿ ಒಯ್ದಿದಾರೆ," ಎಂದಿತು ಕಿಂಡಿ. ಗುಮಾಸ್ತನ ಬಾಯಿ ಆಗಲೇ ತಾನಾಗಿ ಓಡುತ್ತಿತ್ತು. "ಎದುರುಮನೆ ದರ್ಜಿ ಹೆಂಡತಿ ಒಯ್ದಿದಾರೆ ಸಾರ್. ಮಗಳ ಮನೆಗೆ ಹೋಗಿದಾರೆ. ಶುಕ್ರವಾರ ಬರ್ತಾರೆ. ನಲವತ್ತನೇ ಪುಟದಲ್ಲಿರೋ ಹಡಗಿಗೆ ಯಾರೋ ಮೀಸೆ ಬರೆದಿದಾರೆ."

ಅಧಿಕಾರಿಯ ಕನ್ನಡಕ ಮೂಗಿನ ತುದಿಗೆ ಜಾರಿತು. "ಇದನ್ನೆಲ್ಲ ಕಂಪ್ಯೂಟರು ಹೇಳುತ್ತಾ?"

"ಹೊಸದು ಸಾರ್," ಎಂದ ಗುಮಾಸ್ತ.

ಅಧಿಕಾರಿ ಆಚೀಚೆ ನೋಡಿ, ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನಾಚಿಕೊಂಡು, ತಾವು ತರುಣರಾಗಿದ್ದಾಗ ಅಚ್ಚು ಹಾಕಿಸಿದ ಒಂದು ಕವನ ಸಂಕಲನದ ಹೆಸರು ಹೇಳಿದರು.

ಕಿಂಡಿಯಿಂದ ಬೆರಳಿನ ಅಂಟು ಕೆರೆಯುವ ಸದ್ದು ಬಂತು. ಆಮೇಲೆ ಅಳುಕಿನ ದನಿ: "ಈ ಕಪಾಟಿನ ಎಡಗಾಲು ಗಿಡ್ಡ ಕಣಪ್ಪ. ಅದರ ಕೆಳಗೆ ಆ ಪುಸ್ತಕಾನೇ ಆನಿಕೆ ಕೊಟ್ಟಿದೀನಿ. ಹದಿನೈದು ವರ್ಷ ಆಯ್ತು."

ಗುಮಾಸ್ತನ ಕಣ್ಣ ಮುಂದೆ ಮೂವತ್ತೆರಡು ಬಸ್ಸುಗಳು ಸಾಲಾಗಿ ನಿಂತು ಹಾರನ್ ಹೊಡೆದವು. "ಹದಿನೈದು ವರ್ಷದಿಂದ ಆ ಪುಸ್ತಕ ಕಪಾಟಿಗೆ ವಾಪಸು ಬಂದೇ ಇಲ್ಲ ಸಾರ್," ಎಂದ. "ಒಂದು ದಿನವೂ ಬಿಡುವಿಲ್ಲ. ಅದನ್ನ ಈಗ ತೆಗೆದ್ರೆ ಇಲ್ಲಿ ದೊಡ್ಡ ಗಲಾಟೆ ಆಗುತ್ತೆ."

ಅಧಿಕಾರಿಯ ಕಣ್ಣು ಒದ್ದೆಯಾಯಿತು. ಕನ್ನಡಕ ತೆಗೆದು ಮತ್ತೆ ಒರೆಸಿದರು. 'ಮೌನ' ಫಲಕದ ಕೆಳಗೇ ನಿಂತು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ನ ಸರ್ವೀಸಲ್ಲಿ ಇಂಥ ಸಿಸ್ಟಮ್ ನೋಡಿಲ್ಲ. ಇದು ಎಲ್ಲಾ ಶಾಖೆಗೂ ಬೇಕು! ಮೇಡಂ, ಈಗಲೇ ಆದೇಶ ಬರೀರಿ. ಈ ಗುಮಾಸ್ತರು ನಾಳೆಯಿಂದ ಒಂದೊಂದೇ ಶಾಖೆಗೆ ಹೋಗಿ ಇದನ್ನ ಹಾಕಿಕೊಡಲಿ. ಮೂವತ್ತೆರಡೂ ಆಗಬೇಕು. ಬೆಳಿಗ್ಗೆ ಆರು ಗಂಟೆಗೊಂದು ಬಸ್ಸಿದೆ."

ಅವರು ಹೋದ ಎಷ್ಟೋ ಹೊತ್ತಿನ ಮೇಲೆ ಗುಮಾಸ್ತ ಕಿಂಡಿಯ ಕಡೆ ತಿರುಗಿದ. "ಮಾವ, ನೀವೂ ಬರ್ತೀರಲ್ಲ?"

"ನಂಗೆ ಗೊತ್ತಿರೋದು ಇದೊಂದೇ ಲೈಬ್ರರಿ ಕಣಪ್ಪ," ಎಂದು ಬೈಂಡರ್ ಮಾವ ನಿಘಂಟುಗಳನ್ನು ಒಂದೊಂದಾಗಿ ಒಳಗೆ ತಳ್ಳಿ ಕಿಂಡಿ ಮುಚ್ಚಿಕೊಂಡ.

ಆಗ ಭಾಮೈದನ ಫೋನು ಬಂತು. "ಭಾವ, ಒಂದು ಮಾತು ಹೇಳೋದು ಮರೆತಿದ್ದೆ. ಆನ್ ಮಾಡುವಾಗ ಎಸ್ಕೇಪ್ ಗುಂಡಿ ಒತ್ತಬೇಕು. ಆಗಲೇ ಎರಡೂ ಹೆಸರು ಕಾಣೋದು, ಹಳೇದನ್ನ ಒಮ್ಮೆ ತೆರೆದ ಮೇಲೇ ಹೊಸದರಲ್ಲೂ ಕ್ಯಾಟಲಾಗು ಸಿಗೋದು. ಹಳೇದು ಎಲ್ಲೂ ಹೋಗಿರಲ್ಲ."

ಒತ್ತಿದರು. ಎರಡು ಹೆಸರು ಕಂಡವು. ಹಳೆಯದನ್ನು ಆಯ್ದುಕೊಂಡು ಎಲ್ಲರೂ ಸುತ್ತ ನಿಂತು ಕಾದರು. ಕರಾರುವಾಕ್ಕಾಗಿ ಇಪ್ಪತ್ತೆರಡು ನಿಮಿಷ. ಹದಿನಾಲ್ಕು ಸಾವಿರ ಪುಸ್ತಕಗಳೂ ಎದ್ದು ಬಂದು ಕಣ್ಣುಜ್ಜಿಕೊಂಡವು.

"ನಾನು ಹೇಳಲಿಲ್ವಾ? ಹಿರಿಯನ ಹಕ್ಕು ಎಲ್ಲಿಗೂ ಹೋಗಲ್ಲ," ಎಂದ ಪೇಪರ್ ತಾತ.

ಮೇಡಂ ಆದೇಶಕ್ಕೆ ಮೊಹರು ಒತ್ತಿ ಗುಮಾಸ್ತನ ಮುಂದಿಟ್ಟರು. ಅದರ ಮೇಲೆ, ಮಡಿಸಿ ರಬ್ಬರ್ ಬ್ಯಾಂಡು ಹಾಕಿದ ಪ್ಲಾಸ್ಟಿಕ್ ಚೀಲಗಳ ಒಂದು ಕಟ್ಟು ಇಟ್ಟರು.

"ಮೂವತ್ತೆರಡಿದೆ," ಎಂದರು, ಎಂದಿಗಿಂತ ಮೆಲ್ಲಗೆ.

ಗುಮಾಸ್ತ ಕಟ್ಟನ್ನು ಎತ್ತಿ ನೋಡಿದ. "ಇದು ಹೋಗೋದಕ್ಕಾಯ್ತು ಮೇಡಂ," ಎಂದ. "ಬರೋದಕ್ಕೆ?"