ಲಕಾರದ ಕೊಂಬು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಕೊಂಬು.

ಬೋರ್ಡು ಬರೆಯುವ ಪೇಂಟರಿಗೆ ಅಕ್ಕನ ಮಗಳೆಂದರೆ ಪ್ರಾಣ. ಅವಳು ಏಳನೇ ಕ್ಲಾಸು. ಊರಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಹೈಸ್ಕೂಲಿಗೆ ಎರಡು ಬಸ್ಸು ಬದಲಿಸಬೇಕು. ಬಸ್ಸು ತಪ್ಪಿದವರ ಓದೂ ತಪ್ಪುತ್ತಿತ್ತು. ಶಿಕ್ಷಣಾಧಿಕಾರಿ ಬರುವ ದಿನವೇ ಮೆರವಣಿಗೆ ತೆಗೆಯೋಣವೆಂದು ಮಕ್ಕಳೇ ಮಾತಾಡಿಕೊಂಡಿದ್ದರು.

"ಮಾವಾ, 'ನಮಗೆ ದೊಡ್ಡ ಶಾಲೆ ಬೇಕು' ಅಂತ ಬಟ್ಟೆ ಮೇಲೆ ಬರ್ಕೊಡು. ನಿನ್ನಷ್ಟು ಚೆನ್ನಾಗಿ ಯಾರು ಬರೀತಾರೆ?"

ಅಷ್ಟಕ್ಕೇ ಮಾವನಿಗೆ ಕೊಂಬು ಬಂತು. ನಾಲಿಗೆ ಕಚ್ಚಿಕೊಂಡು, ಬಾಲ ಬಳುಕಿಸಿ ಬರೆದ. ಬಣ್ಣ ಆರುವಷ್ಟರಲ್ಲಿ ಮಕ್ಕಳು ಎತ್ತಿಕೊಂಡು ಓಡಿದರು. ಹಿಡಿದವರಿಗೆ ಕಂಡದ್ದು ಬಟ್ಟೆಯ ಬೆನ್ನು ಮಾತ್ರ.

ಬೀದಿಯಲ್ಲಿ ಎಲ್ಲರ ಮುಖದಲ್ಲೂ ನಗು. ತನ್ನ ಕೈಚಳಕ ಮೆಚ್ಚಿದ್ದಾರೆಂದು ಪಕ್ಕದಲ್ಲಿ ನಡೆಯುತ್ತಿದ್ದ ಪೇಂಟರನ ಎದೆ ಕಾದ ಹಾಲಿನಂತೆ ಉಕ್ಕಿತು.

ಜವಳಿ ಅಂಗಡಿಯವನು ಗಲ್ಲಾದಿಂದ ಎದ್ದೇ ಬಂದ. "ಏನಣ್ಣಾ, ಮೊದಲೇ ಹೇಳೋದಲ್ವಾ? ಉಣ್ಣೇದು ಕೊಡ್ಲಾ, ಹತ್ತೀದು ಕೊಡ್ಲಾ?"

"ಏನು?"

"ಶಾಲು ಕಣಪ್ಪಾ! ಮಕ್ಕಳು ದೊಡ್ಡದೇ ಬೇಕಂತಿದಾರಲ್ಲ!"

ಪೇಂಟರ್ ಮುಂದೆ ಓಡಿ ನೋಡಿದ. ಲಕಾರಕ್ಕೆ ಎತ್ವ ಕೊಡುವಲ್ಲಿ ಕೊಂಬು ಕೊಟ್ಟಿದ್ದ. 'ನಮಗೆ ದೊಡ್ಡ ಶಾಲು ಬೇಕು.' ಮುಚ್ಚಲೆಂದು ಕೈ ಅಗಲಿಸಿ ಅಡ್ಡ ನಿಂತ. ಘೋಷಣೆಯ ಭರದಲ್ಲಿದ್ದ ಮಕ್ಕಳು ನಿಲ್ಲಲಿಲ್ಲ. ಬಟ್ಟೆ ಅವನನ್ನು ಸುತ್ತಿಕೊಂಡಿತು. ಆಗಷ್ಟೇ ಬಂದ ಜೀಪಿನ ಮುಂದೆ ಅವನು ಹಾಸಿಗೆ ಸುರುಳಿಯಂತೆ ಉರುಳಿದ. 'ಶಾಲು' ಮಾತ್ರ ಸರಿಯಾಗಿ ಹೊಟ್ಟೆಯ ಮೇಲೆ ಬಂದಿತ್ತು.

ಅಧಿಕಾರಿ ಇಳಿದರು. "ಈ ಸೆಕೇಲಿ ಶಾಲು ಯಾಕಮ್ಮಾ?"

ಬೀದಿಯೆಲ್ಲ ಗೊಳ್ಳೆಂದಿತು. ಹುಡುಗಿ ಓದಿದಳು. ಮಾವನನ್ನು ನೋಡಿದಳು. ಮುಖ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ.

"ಸರ್, ಇದು ಬರೆದದ್ದು ನಮ್ಮ ಮಾವ. ಏಳನೇ ಕ್ಲಾಸಿಗೇ ಓದು ನಿಂತುಹೋಯ್ತು. ಇಲ್ಲೇ ಹೈಸ್ಕೂಲ್ ಇದ್ದಿದ್ರೆ ಆ ಕೊಂಬು ಬರ್ತಿರ್ಲಿಲ್ಲ. ನಾವೂ ಹಿಂಗೇ ಬರೀಬೇಕಾ? ನೀವೇ ಹೇಳಿ."

ನಗು ನಿಂತಿತು. ಬಟ್ಟೆಯೊಳಗೆ ಪೇಂಟರನ ಕಿವಿ ನಾಚಿಕೆಯಿಂದ ಸುಡುತ್ತಿತ್ತು, ಕಣ್ಣು ಹೆಮ್ಮೆಯಿಂದ.

"ಸರಿ ಕಣಮ್ಮಾ, ಗೆದ್ದೆ," ಎಂದರು ಅಧಿಕಾರಿ. "ಈ ವರ್ಷವೇ ಶುರು ಮಾಡಿಸ್ತೀನಿ. ಆದ್ರೆ ಒಂದು ತೊಡಕು. ನಿಯಮದ ಪ್ರಕಾರ ಒಬ್ಬ ವಿದ್ಯಾರ್ಥಿ ಕಡಿಮೆ ಬೀಳ್ತಾನೆ. ಓದು ಬಿಟ್ಟವರಾದ್ರೂ ಆಯ್ತು, ವಯಸ್ಸು ನೋಡಲ್ಲ."

ಇಡೀ ಬೀದಿ ಒಂದೇ ಕಡೆ ತಿರುಗಿತು. ಪೇಂಟರಿಗೆ ಓಡಬೇಕೆನಿಸಿತು. ಕಾಲು ಇನ್ನೂ ಬಟ್ಟೆಯೊಳಗಿತ್ತು.

ಶಾಲೆ ತೆರೆದ ಮೊದಲ ದಿನ ಪೇಂಟರ್ ತಲೆ ಬಾಚಿಕೊಂಡು, ಎಲ್ಲರಿಗಿಂತ ಮುಂಚೆ ಬಂದು, ಮೊದಲ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ. ಹಿಂದಿನಿಂದ ಯಾರೋ ಬೆನ್ನಿಗೆ ಪೆನ್ಸಿಲಿನಿಂದ ಚುಚ್ಚಿದರು. ಅಕ್ಕನ ಮಗಳು.

"ಮಾವಾ, ಕೊನೇ ಬೆಂಚಿಗೆ ಹೋಗು. ಏನೂ ಕಾಣ್ತಿಲ್ಲ."